ಸೂರಿನವರೆಗೆ ತುಂಬಿದ ಬೆಂಡು

ಥರ್ಮಾಕೋಲ್ ಕರಗಿಸುವುದನ್ನೇ ಕಸುಬು ಮಾಡಿಕೊಂಡವನನ್ನು ಬೀದಿಯವರು ಬೆಂಡಣ್ಣ ಎನ್ನದೆ ಇನ್ನೇನೆಂದಾರು? ಟಿವಿ ಅಂಗಡಿ, ಮೀನಿನ ಅಂಗಡಿಗಳ ಹಿಂಬಾಗಿಲಲ್ಲಿ ಬಿದ್ದ ಬೆಂಡಿನ ಪೆಟ್ಟಿಗೆಗಳನ್ನು ಹನ್ನೆರಡು ವರ್ಷ ಹೊತ್ತು ತಂದವನು ಅವನು. ಮೀನಿನ ಪೆಟ್ಟಿಗೆಗಳನ್ನು ತೊಳೆಯುವ ಪಾಲು ಹೆಂಡತಿಯದು. ಬೀದಿಯ ಬೆಕ್ಕುಗಳಿಗೆ ಅವಳೆಂದರೆ ಪ್ರಾಣ. ಕೋಣೆ ತುಂಬುವಷ್ಟು ಬೆಂಡನ್ನು ಯಂತ್ರಕ್ಕೆ ತಿನ್ನಿಸಿದರೆ ಸಂಜೆಗೆ ದಿಂಬಿನ ಗಾತ್ರದ ಒಂದು ಗಟ್ಟಿ ಹೊರಬೀಳುತ್ತಿತ್ತು. ಫೋಟೊ ಚೌಕಟ್ಟು ಮಾಡುವವರು ಅದನ್ನು ಒಯ್ಯುತ್ತಿದ್ದರು. ಹೊಗೆ ಕುಡಿದು ಬಂದ ಕೆಮ್ಮನ್ನು ಮಾತ್ರ ಯಾರೂ ಒಯ್ಯಲಿಲ್ಲ.

ಅಷ್ಟರಲ್ಲಿ ನಗರಸಭೆ ಥರ್ಮಾಕೋಲನ್ನು ನಿಷೇಧಿಸಿತು. ಮಾರುವಂತಿಲ್ಲ, ಕೂಡಿಡುವಂತಿಲ್ಲ. ಕರಗಿಸುವವರ ಬಗ್ಗೆ ಆದೇಶದಲ್ಲಿ ಒಂದಕ್ಷರವೂ ಇರಲಿಲ್ಲ. ತನ್ನ ಗೋದಾಮಿಗೆ ವಿನಾಯಿತಿ ಕೊಡಿ ಎಂದು ಬೆಂಡಣ್ಣ ಅರ್ಜಿ ಹಾಕಿದ. ನಗರಸಭೆಯ ಸಾಹೇಬರು ಬುಧವಾರ ಖುದ್ದಾಗಿ ನೋಡಿ, ಗೋದಾಮು ಉಳಿಯಬೇಕೋ ಮುಚ್ಚಬೇಕೋ ಹೇಳುತ್ತಾರೆಂದು ಉತ್ತರ ಬಂತು.

"ಗಟ್ಟಿಗಳನ್ನ ಬಾಗಿಲ ಹತ್ರಾನೇ ಜೋಡಿಸಿ," ಎಂದಳು ಹೆಂಡತಿ.

"ಆ ನಾಲ್ಕು ಗಟ್ಟಿ ನೋಡಿದ್ರೆ ನಗ್ತಾರೆ ಕಣೇ. ಕೆಲ್ಸ ಎಷ್ಟಿದೆ ಅಂತ ಗೊತ್ತಾಗೋಕೆ ಮಾಲು ಕಾಣ್ಬೇಕು, ಮಾಲು!"

"ನಿಮ್ಮ ತಲೇಲೂ ಅದೇ ಮಾಲು ತುಂಬಿದೆ."

ನಾಲ್ಕು ದಿನ ಯಂತ್ರ ನಿಲ್ಲಿಸಿ, ಊರೆಲ್ಲ ಅಲೆದು, ಗೋದಾಮನ್ನು ಸೂರಿನವರೆಗೆ ತುಂಬಿದ. ಗಟ್ಟಿಗಳು ಹಿಂದೆಲ್ಲೋ ಹೂತುಹೋದವು. ಯಂತ್ರವೂ.

ಬುಧವಾರ ಬಂದ ಸಾಹೇಬರು ಬಾಗಿಲಲ್ಲೇ ನಿಂತರು. ಒಳಗೆ ಕಾಲಿಡಲು ಜಾಗವಿರಲಿಲ್ಲ.

"ಏನಯ್ಯಾ ಇದು? ಊರಿಗೆಲ್ಲ ಸಾಕಾಗೋಷ್ಟು ಕೂಡಿಟ್ಟಿದ್ದೀಯ!"

"ಕರಗ್ಸೋದಕ್ಕೆ ಸ್ವಾಮಿ. ಯಂತ್ರ ಇದೆ."

"ಎಲ್ಲಿದೆ?"

ಬೆಂಡಣ್ಣ ಬಿಳಿ ಗೋಡೆಗೆ ಕೈಹಾಕಿ ಅಗೆಯತೊಡಗಿದ. ಕೆಮ್ಮು ಬಂತು, ಯಂತ್ರ ಬರಲಿಲ್ಲ. ಅಷ್ಟರಲ್ಲಿ ಸಾಹೇಬರು ಬರೆದು ಮುಗಿಸಿದ್ದರು: ನಿಷೇಧಿತ ವಸ್ತುವಿನ ಅಕ್ರಮ ದಾಸ್ತಾನು.

"ಒಂದು ವಾರ ಕೊಡಿ ಸಾಹೇಬ್ರೇ, ಎಲ್ಲಾನೂ ಕರಗ್ಸಿ ತೋರಿಸ್ತಾರೆ," ಎಂದಳು ಹೆಂಡತಿ.

"ಆದೇಶದಲ್ಲಿ ಕರಗಿಸು ಅಂತ ಇಲ್ಲಮ್ಮ. ತೆಗೆಸು ಅಂತ ಇದೆ."

ನಗರಸಭೆಯ ಲಾರಿ ಆರು ಸಲ ಬಂದು ಹೋಯಿತು. ಗಾಳಿಗೆ ಹಾರಿದ ಬಿಳಿ ಕಾಳುಗಳು ದಾರಿಯುದ್ದಕ್ಕೂ ಚರಂಡಿ ಸೇರಿದವು. ಬರಿದಾದ ಗೋದಾಮಿನ ನಡುವೆ ಯಂತ್ರ ಈಗ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಬಾಗಿಲಿಗೆ ಮೊಹರು ಹಾಕುವವನೂ ಒಮ್ಮೆ ಇಣುಕಿ ನೋಡಿದ.

ಕೊನೆಯ ಸಲ ಹೊರಟ ಲಾರಿಯ ಹಿಂದೆ ಬೆಂಡಣ್ಣ ಸೈಕಲ್ ತುಳಿದ. ಊರಾಚೆಯ ಕಸದ ಗುಂಡಿಗೆ ಎಲ್ಲವನ್ನೂ ಸುರಿದು ಚಾಲಕ ಬೆಂಕಿ ಇಟ್ಟ.

"ಹಾಗೆ ಸುಡ್ಬಾರದಪ್ಪಾ, ವಿಷ ಅದು!"

"ಇನ್ನೇನ್ ಮಾಡ್ಲಿ ಅಣ್ಣ? ಗುಂಡಿ ತುಂಬೋಗುತ್ತೆ. ನೀವು ದೂರ ನಿಲ್ಲಿ, ಮೊದ್ಲೇ ಕೆಮ್ತಿದ್ದೀರ."

ಬೆಂಡಣ್ಣ ದೂರ ನಿಲ್ಲಲಿಲ್ಲ. ಕಪ್ಪು ಹೊಗೆಯೊಳಗೆ ನುಗ್ಗಿ, ಇನ್ನೂ ಹೊತ್ತಿಕೊಳ್ಳದ ಮೂರು ಪೆಟ್ಟಿಗೆಗಳನ್ನು ಎಳೆದು ಸೈಕಲ್ಲಿಗೆ ಬಿಗಿದ. ಗೋದಾಮಿಗೆ ಬೀಗ ಬಿದ್ದದ್ದು ನೆನಪಾಗುವ ಹೊತ್ತಿಗೆ ಅರ್ಧ ದಾರಿ ಬಂದಿದ್ದ.