ದೂರು ಹೇಳದೆ ಎದ್ದುಹೋದವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಾಸಿಗೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿರುವ ಕಚೇರಿಯ ಉದ್ದನೆಯ ಕೋಣೆಯಲ್ಲಿ ಒಂದೇ ಒಂದು ಮೇಜಿನ ದೀಪ ಉರಿಯುತ್ತಿದೆ. ಅದರ ಮುಂದೆ, ನಲವತ್ತು ದಾಟಿದ ಮಹಿಳೆಯೊಬ್ಬರು ಬಲಗೈಗೆ ದಪ್ಪನೆಯ ಉಣ್ಣೆಯ ಗವಸು ತೊಟ್ಟು ಕಂಪ್ಯೂಟರಿನಲ್ಲಿ ಆಟವಾಡುತ್ತಿದ್ದಾರೆ. ಚಳಿಯೇನೂ ಇಲ್ಲ. ಗವಸಿನೊಳಗಿನ ಬೆರಳು ಒಂದು ಗುಂಡಿ ಒತ್ತಲು ಹೋಗಿ ಪಕ್ಕದ್ದನ್ನೂ ಒತ್ತುತ್ತದೆ. ಪರದೆಯ ಮೇಲೆ ಲಾಟೀನು ಹಿಡಿದ ಮುದುಕಿಯೊಬ್ಬಳು ಸೇತುವೆಯ ಕಡೆಗೆ ನಡೆಯಬೇಕಾದವಳು ಗೋಡೆಗೆ ಹೋಗಿ ಮುಖ ಒತ್ತಿ ನಿಲ್ಲುತ್ತಾಳೆ. ಮಹಿಳೆ ಬೇಸರಪಡದೆ ಅವಳನ್ನು ತಿರುಗಿಸಿ ಮತ್ತೆ ನಡೆಸುತ್ತಾರೆ, ಆಟ ಮುಗಿಸುತ್ತಾರೆ. ಆಮೇಲೆ ಗವಸು ಕಳಚಿ ಅದೇ ಮುದುಕಿಯನ್ನು ಹಿಡಿದು ಅದೇ ಆಟವನ್ನು ಇನ್ನೊಮ್ಮೆ ಆಡುತ್ತಾರೆ. ಈಗ ಅವರ ಬೆರಳುಗಳ ಓಟಕ್ಕೆ ನೋಡುವವರ ಕಣ್ಣು ಸಾಲದು. ಎರಡೂ ಆಟಗಳ ಫಲವನ್ನು ಅಕ್ಕಪಕ್ಕ ಇಟ್ಟು ನೋಡಿ, ಸಂಖ್ಯೆಯೊಂದನ್ನು ಕೂದಲೆಳೆಯಷ್ಟು ತಿದ್ದಿ, ಪುನಃ ಗವಸಿಗೆ ಕೈ ಹಾಕುತ್ತಾರೆ.

ಕಚೇರಿಯಲ್ಲಿ ಇವರನ್ನು ಎಲ್ಲರೂ 'ತಕ್ಕಡಿ ಮೇಡಂ' ಎನ್ನುತ್ತಾರೆ. ಸಾವಿರಾರು ಜನ ತಂತಮ್ಮ ಮನೆಗಳಲ್ಲಿ ಕುಳಿತು ಒಟ್ಟಿಗೆ ಆಡುವ ಆನ್‌ಲೈನ್ ಆಟವೊಂದರಲ್ಲಿ ಯಾವ ಪಾತ್ರಕ್ಕೆ ಎಷ್ಟು ಬಲವಿರಬೇಕು, ಯಾವ ಆಯುಧ ಎಷ್ಟು ನೋಯಿಸಬೇಕು ಎಂಬುದನ್ನು ತೂಗಿ ನಿರ್ಧರಿಸುವುದು ಇವರ ಉದ್ಯೋಗ. ಆಡುವವರ ಸಂಖ್ಯೆ ತೀರ ಇಳಿದಿರುವ ಈ ಮುಂಜಾವಿನಲ್ಲೇ ನಿಯಮಗಳನ್ನು ಬದಲಿಸಬೇಕು. ಹೊತ್ತೇರಿದ ಮೇಲೆ ಕೈ ಹಾಕಿದರೆ ಓಡುವ ಬಸ್ಸಿನ ಚಕ್ರ ಬಿಚ್ಚಿದಂತೆ. ಈ ದಿನ ಹೊರಬೀಳಲಿರುವ ಬದಲಾವಣೆಗಾಗಿ ಅವರು ಹೆಚ್ಚುಕಡಿಮೆ ಒಂದು ವರ್ಷ ಹೋರಾಡಿದ್ದಾರೆ.

ಇಂಥ ಆಟಗಳೆಂದರೆ ಕಾಲಹರಣ ಎಂದು ಮೂಗು ಮುರಿಯುವ ಸಜ್ಜನರು ನಮ್ಮಲ್ಲಿ ಹೇರಳವಾಗಿದ್ದಾರೆ. ಆದರೆ ದಿನದ ದುಡಿಮೆ ಮುಗಿಸಿದ ಮನುಷ್ಯ ಒಂದಿಷ್ಟು ಹೊತ್ತು ನಾಲ್ವರ ಜೊತೆ ಕೂಡಿ ನಗುವ ಜಾಗ ಯಾವುದೇ ಆಗಿರಲಿ, ಅದು ಸಾರ್ವಜನಿಕ ಸ್ಥಳ. ಅಲ್ಲಿ ಬಲ್ಲಿದನಿಗೊಂದು, ಬಡಪಾಯಿಗೊಂದು ನ್ಯಾಯವಿರಕೂಡದು. ಆ ಸ್ಥಳಕ್ಕೆ ಬರುವವರು ಎರಡು ಬಗೆ. ಆಟವನ್ನೇ ಉಸಿರಾಗಿಸಿಕೊಂಡು ದಿನವಿಡೀ ಅಭ್ಯಾಸ ಮಾಡುವ ಪಳಗಿದ ಕೈಗಳು ಒಂದು ಬಗೆ. ಬಿಡುವಾದಾಗ ಬಂದು, ಸೋತರೂ ನಕ್ಕು ಮಲಗುವವರು ಇನ್ನೊಂದು ಬಗೆ. ಒಂದೇ ಮೈದಾನದಲ್ಲಿ ಇಬ್ಬರಿಗೂ ಆಟ ಆಟವಾಗಿಯೇ ಉಳಿಯಬೇಕು. ಇದನ್ನು ಸಾಧಿಸುವುದು ಎಷ್ಟು ಕಷ್ಟವೆಂದು ಆಡುವವರಿಗೂ ತಿಳಿಯದು, ಆಡಿಸಿ ಹಣ ಮಾಡುವವರಿಗಂತೂ ತಿಳಿಯುವ ಇಚ್ಛೆಯೇ ಇಲ್ಲ.

ತಕ್ಕಡಿ ಮೇಡಂ ಈ ಕಂಪನಿಗೆ ಸೇರಿದ್ದು ತಪ್ಪು ಹುಡುಕುವ ಕೆಲಸಕ್ಕೆ. ಆಟದೊಳಗಿನ ಒಂದೇ ಬಾಗಿಲನ್ನು ಇಡೀ ದಿನ ತೆರೆದು ಮುಚ್ಚಿ, ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಬರೆದುಕೊಡುವುದು. ತಾಳ್ಮೆ ಕಂಡು ಮೇಲಕ್ಕೆತ್ತಿದರು. ಕುತ್ತಿಗೆಯ ನೋವು, ಸಂಜೆಯಾದರೆ ಉರಿಯುವ ಕಣ್ಣು ಈ ಬಡ್ತಿಯ ಜೊತೆಗೇ ಬಂದವು. ಜೊತೆಗೆ ಬೈಗುಳವೂ ಬಂತು. ಪಳಗಿದ ಆಟಗಾರರು ಬರೆಯುವ ದೂರುಗಳನ್ನು ಮೊದಲು ಓದಬೇಕಾದವರು ಇವರೇ.

"ಬೆಳಿಗ್ಗೆ ಒಬ್ಬ ಈ ಪಾತ್ರಕ್ಕೆ ಬಲ ಜಾಸ್ತಿ ಅಂತ ಬೈತಾನೆ. ಮಧ್ಯಾಹ್ನ ಇನ್ನೊಬ್ಬ ಕಡಿಮೆ ಅಂತ ಬೈತಾನೆ. ಇಬ್ಬರೂ ಒಂದೇ ಸಮ ಬೈದ್ರೆ ಆವತ್ತು ತೂಕ ಸರಿಯಾಗಿದೆ ಅಂತ ಲೆಕ್ಕ," ಎಂದು ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ. "ಹಾಗಂತ ತಿಳ್ಕೊಂಡಿದ್ದೆ. ಬೈಯದೇ ಇರೋರು ಇರ್ತಾರೆ ಅನ್ನೋದನ್ನೇ ಮರೆತಿದ್ದೆ."

ಮರೆವಿನ ಕಥೆ ಆ ಲಾಟೀನಿನ ಮುದುಕಿಯದು. ಆಟದಲ್ಲಿ ಅವಳ ಹೆಸರು ದೀಪದಜ್ಜಿ. ಗುರಿಯಿಟ್ಟು ಹೊಡೆಯುವ ಗೋಜು ಅವಳಿಗಿಲ್ಲ. ಲಾಟೀನನ್ನು ನೆಲಕ್ಕಿಟ್ಟರಾಯಿತು, ಅದರ ಬೆಳಕಿನಲ್ಲಿ ನಿಂತ ಸಂಗಾತಿಗಳ ಗಾಯ ಮಾಯುತ್ತದೆ. ಕೈ ಚುರುಕಿಲ್ಲದವರಿಗೆಂದೇ ತಕ್ಕಡಿ ಮೇಡಂ ಅವಳನ್ನು ಅಕ್ಕರೆಯಿಂದ ರೂಪಿಸಿದ್ದರು. ಹಾಗೆ ಅವಳನ್ನು ನೆಚ್ಚಿಕೊಂಡವರಲ್ಲಿ ಅವರ ಸ್ವಂತ ಅಕ್ಕನೂ ಒಬ್ಬರು.

ಅಕ್ಕ ಶಾಲಾಮಕ್ಕಳ ಸಮವಸ್ತ್ರ ಹೊಲಿದು ಬದುಕಿದವರು. ಮೆಟ್ಟಿಲಿನಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದ ಮೇಲೆ ಮೂಳೆ ಕೂಡಿತಾದರೂ ಬೆರಳುಗಳು ಸೆಡೆತುಕೊಂಡವು. ಹೊಲಿಗೆಯಂತ್ರ ಪರರ ಪಾಲಾಯಿತು. ಬೆರಳಿಗೆ ವ್ಯಾಯಾಮವಾಗಲೆಂದು ತಂಗಿ ಒಂದು ಟ್ಯಾಬ್ ತಂದುಕೊಟ್ಟು ದೀಪದಜ್ಜಿಯನ್ನು ಪರಿಚಯಿಸಿದರು. ಕೆಲವೇ ವಾರಗಳಲ್ಲಿ ಅಕ್ಕನಿಗೆ ಮೂವರು ಸಂಗಾತಿಗಳು ದೊರೆತರು. ನಿವೃತ್ತ ಬಸ್ ಚಾಲಕರೊಬ್ಬರು. ಅವರನ್ನು ಡ್ರೈವರಣ್ಣ ಎನ್ನುತ್ತಿದ್ದರು. ಆಸ್ಪತ್ರೆಯ ಪಾಳಿಗೆ ಹೊರಡುವ ಮುನ್ನ ಆಡಲು ಬರುತ್ತಿದ್ದ ನರ್ಸ್. ತಂಪು ಪಾನೀಯದ ಅಂಗಡಿಯವರೊಬ್ಬರು. ಅವರಿಗೆ ಸೋಡಾ ಎಂದೇ ಹೆಸರು. ನಾಲ್ವರೂ ಪರಸ್ಪರ ಮುಖ ಕಂಡವರಲ್ಲ. ಊರು, ವಿಳಾಸ, ಫೋನ್ ನಂಬರ್ ಕೇಳಿದವರಲ್ಲ. ಸಂಜೆಯಾದರೆ ಸೇತುವೆಯ ಬಳಿ ಧ್ವನಿಗಳಾಗಿ ಸೇರುತ್ತಿದ್ದರು, ಅಷ್ಟೆ. ಡ್ರೈವರಣ್ಣ ದಿನವೂ ತಪ್ಪದೆ ಸೇತುವೆಯಿಂದ ನೀರಿಗೆ ಬೀಳುತ್ತಿದ್ದರಂತೆ.

"ಜೀವನ ಪೂರ್ತಿ ಬಸ್ ಓಡಿಸಿದೀನಿ ಅಂತೀರಿ, ಇಷ್ಟಗಲ ಸೇತುವೆ ಮೇಲೆ ನೆಟ್ಟಗೆ ಹೋಗಕ್ಕಾಗಲ್ವೇನ್ರೀ?" ಎಂದು ಅಕ್ಕ ಛೇಡಿಸಿದರೆ, "ಬಸ್ಸಿಗೆ ಬ್ರೇಕ್ ಇತ್ತಮ್ಮ, ನಾನು ಆಡಿಸೋ ಇವನಿಗೆ ಎಲ್ಲಿದೆ ತೋರಿಸಿ" ಎಂಬ ಉತ್ತರ ನೀರಿನೊಳಗಿನಿಂದ ಬರುತ್ತಿತ್ತು.

ಇತ್ತ ಪಳಗಿದ ಕೈಗಳು ದೀಪದಜ್ಜಿಯಲ್ಲಿ ಒಂದು ಕಿಂಡಿ ಪತ್ತೆಹಚ್ಚಿದವು. ಲಾಟೀನು ನೆಲ ಮುಟ್ಟಿದ ಕ್ಷಣವೇ ಗಾಯ ಮಾಯುವುದರಿಂದ, ಅದನ್ನು ಮಿಂಚಿನ ವೇಗದಲ್ಲಿ ಇಡುತ್ತ ಎತ್ತುತ್ತ ಇದ್ದರೆ ಅವಳ ತಂಡವನ್ನು ಯಾರೂ ಸೋಲಿಸುವಂತಿಲ್ಲ. ದೊಡ್ಡ ಪಂದ್ಯಗಳು ಮುಗಿಯದೆ ಎಳೆದಾಡತೊಡಗಿದವು. ದೂರುಗಳ ಸುರಿಮಳೆಯಾಯಿತು. ಮುಖ್ಯಸ್ಥರು ಅವಸರಿಸಿದರು. ತಕ್ಕಡಿ ಮೇಡಂ ಲಾಟೀನು ಬೇಗನೆ ಆರುವಂತೆ ಮಾಡಿದರು. ಉರಿಯುತ್ತಿರಬೇಕಾದರೆ ಸರಿಯಾದ ಕ್ಷಣಕ್ಕೆ ಗುಂಡಿ ಒತ್ತುತ್ತಲೇ ಇರಬೇಕು. ಪಳಗಿದವರು ಎರಡು ದಿನ ಗೊಣಗಿ ಹೊಸ ತಾಳಕ್ಕೆ ಒಗ್ಗಿಕೊಂಡರು. ತಿಂಗಳು ಕಳೆಯುವಷ್ಟರಲ್ಲಿ ದೀಪದಜ್ಜಿಯ ಸೋಲು ಗೆಲುವು ಸರಿಸಮ ಬಂತು. ತಕ್ಕಡಿಯ ಸೂಜಿ ನಟ್ಟನಡುವೆ ನಿಂತಿತು. ಕಚೇರಿಯಲ್ಲಿ ಕೇಕ್ ಕತ್ತರಿಸಿದರು.

ಈ ವೃತ್ತಿಯವರು ಮಾತ್ರ ಮಾಡಬಲ್ಲ ತಪ್ಪು ಇಲ್ಲಿಯೇ ಅಡಗಿತ್ತು. ಸೂಜಿ ನಡುವೆ ನಿಂತದ್ದು ತೂಕ ಸರಿಯಾದದ್ದರಿಂದಲ್ಲ. ಸೋಲುತ್ತಿದ್ದವರು ಎದ್ದುಹೋಗಿದ್ದರಿಂದ. ಆಡುವವರನ್ನು ಮಾತ್ರ ಲೆಕ್ಕ ಹಿಡಿಯುವ ಯಂತ್ರಕ್ಕೆ, ಆಡುವುದನ್ನು ಬಿಟ್ಟವರು ಸೋತವರಾಗಿಯೂ ಕಾಣುವುದಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನ ಮಕ್ಕಳು ಶಾಲೆ ಬಿಟ್ಟುಹೋದ ಮೇಲೆ ಇಡೀ ತರಗತಿ ಜಾಣವಾಯಿತೆಂದು ಬೀಗುವ ಉಪಾಧ್ಯಾಯನನ್ನು ನಾವು ಕ್ಷಮಿಸುತ್ತೇವೆಯೇ?

ತಕ್ಕಡಿ ಮೇಡಂಗೆ ಇದು ತಿಳಿದದ್ದು ಅಕ್ಕನ ಮನೆಯಲ್ಲಿ. ಟವೆಲ್ ತೆಗೆಯಲೆಂದು ಬೀರು ತೆರೆದರೆ, ಮಡಿಸಿಟ್ಟ ಬಟ್ಟೆಗಳ ಅಡಿಯಲ್ಲಿ ಟ್ಯಾಬ್ ಇತ್ತು. ಬೆರಳಿಗೆಂದು ವೈದ್ಯರು ಕೊಟ್ಟಿದ್ದ ರಬ್ಬರ್ ಚೆಂಡೂ ಅದರ ಪಕ್ಕದಲ್ಲೇ ಇತ್ತು. ಕೇಳಿದಾಗ ಅಕ್ಕ ಮೊದಲು ಮಾತು ಹಾರಿಸಿದರು. ಆಮೇಲೆ ಹೇಳಿದರು.

"ಕೈ ಇನ್ನೂ ಕೆಟ್ಟೋಗಿದೆ ಪುಟ್ಟಿ. ಮೊದಲು ದೀಪ ಇಟ್ರೆ ಇರ್ತಿತ್ತು. ಈಗ ಎಷ್ಟು ಒತ್ತಿದ್ರೂ ಆರೋಗುತ್ತೆ. ನನ್ನ ದೆಸೆಯಿಂದ ಪಾಪ ಅವರೂ ಸೋಲೋದ್ಯಾಕೆ ಅಂತ ಬಿಟ್ಟುಬಿಟ್ಟೆ."

ಕೆಟ್ಟದ್ದು ನಿನ್ನ ಕೈಯಲ್ಲ, ಕೆಡಿಸಿದವಳು ನಾನು ಎಂದು ತಂಗಿ ಅಲ್ಲೇ ಒಪ್ಪಿಕೊಂಡರು. ಅಕ್ಕ ನಂಬಲಿಲ್ಲ. ಸಮಾಧಾನಕ್ಕೆ ಹೇಳುವ ಮಾತೆಂದು ತಿಳಿದು ತಂಗಿಯ ಬೆನ್ನು ಸವರಿ ಕಾಫಿ ಮಾಡಲು ಎದ್ದರು. ಚೆಂಡನ್ನು ಮತ್ತೆ ಮುಟ್ಟಲಿಲ್ಲ. ಹಿಡಿತ ಸಡಿಲಿ ಲೋಟ ಜಾರಿದರೂ, ಗುಂಡಿ ಹಾಕಲು ತಡವಾದರೂ, ಕೈ ಹೋಯಿತೆಂಬುದಕ್ಕೆ ಅವರಿಗೆ ಅದೇ ಸಾಕ್ಷಿ.

ಬಲಿಷ್ಠರು ಸೋತಾಗ ಆಟವನ್ನು ದೂಷಿಸುತ್ತಾರೆ, ಪತ್ರ ಬರೆಯುತ್ತಾರೆ, ಬೆದರಿಸುತ್ತಾರೆ. ದುರ್ಬಲರು ಸೋತಾಗ ತಮ್ಮನ್ನೇ ದೂಷಿಸಿಕೊಂಡು ಸದ್ದಿಲ್ಲದೆ ಬಾಗಿಲು ಎಳೆದುಕೊಳ್ಳುತ್ತಾರೆ. ಕೂಗಿದವರಿಗಷ್ಟೇ ಕಿವಿಗೊಡುವ ವ್ಯವಸ್ಥೆ, ಅದು ಆಟದ್ದಾಗಲಿ ಆಡಳಿತದ್ದಾಗಲಿ, ಈ ಎರಡನೆಯವರ ಬೆನ್ನಿಗೆ ಇರಿಯುತ್ತಲೇ ತಾನು ನ್ಯಾಯಯುತವೆಂದು ನಂಬಿರುತ್ತದೆ.

ಮರುದಿನದಿಂದಲೇ ತಕ್ಕಡಿ ಮೇಡಂ ಗವಸು ತೊಟ್ಟು ಆಡಿ ನೋಡಲು ಆರಂಭಿಸಿದರು. ಪರಿಹಾರ ಕಷ್ಟದ್ದೇನಾಗಿರಲಿಲ್ಲ. ಲಾಟೀನು ಮೊದಲಿನಂತೆಯೇ ಉರಿಯುತ್ತಿರಲಿ. ಆದರೆ ನೆಲಕ್ಕಿಟ್ಟು ಒಂದು ಉಸಿರಿನಷ್ಟು ಹೊತ್ತು ಕಳೆದ ಮೇಲೆ ಗಾಯ ಮಾಯಲು ತೊಡಗಲಿ. ಇಟ್ಟೆತ್ತುವ ಕೈಚಳಕ ಆಗ ನಿಷ್ಫಲ, ಇಟ್ಟು ಸುಮ್ಮನಿರುವವರಿಗೆ ವ್ಯತ್ಯಾಸವೇ ತಿಳಿಯದು. ಮುಖ್ಯಸ್ಥರು ಒಪ್ಪಲಿಲ್ಲ. ಸೂಜಿ ನಡುವಿದೆ, ದೊಡ್ಡ ಪಂದ್ಯಾವಳಿ ಹತ್ತಿರವಿದೆ, ಬಿಟ್ಟುಹೋದವರಾರೂ ದೂರು ಕೊಟ್ಟಿಲ್ಲವಲ್ಲ ಎಂದರು.

"ಹೋದೋರು ಹೇಗೆ ದೂರು ಕೊಡ್ತಾರೆ ಸರ್? ಹೋದ್ರಲ್ಲ," ಎಂದರಂತೆ ಇವರು.

ಆ ಪಂದ್ಯಾವಳಿ ಮುಗಿಯಿತು, ಇನ್ನೊಂದು ಬಂತು. ಹೊಸಬರು ಬಂದಷ್ಟೇ ವೇಗವಾಗಿ ಜಾರುತ್ತಿದ್ದಾರೆಂದು ಲೆಕ್ಕದವರೇ ಗಾಬರಿಗೊಂಡ ಮೇಲೆ ಮುಖ್ಯಸ್ಥರ ಒಪ್ಪಿಗೆ ದೊರೆಯಿತು. ಜೊತೆಗೆ ಇನ್ನೊಂದನ್ನೂ ಇವರು ಕೇಳಿದ್ದರು: ಬಿಟ್ಟುಹೋದ ಪ್ರತಿಯೊಬ್ಬರಿಗೂ, ತಪ್ಪು ನಮ್ಮದಾಗಿತ್ತು, ನಿಮ್ಮದಲ್ಲ ಎಂದು ಒಂದು ಸಾಲು ಬರೆಯಬೇಕು. ರಿಯಾಯಿತಿ ಮಾರಾಟದ ಸುದ್ದಿಯನ್ನು ವಾರವಾರವೂ ಅವರಿಗೆ ತಪ್ಪದೆ ಕಳುಹಿಸುವ ಕಂಪನಿ ಇದಕ್ಕೆ ಮಾತ್ರ ತಲೆಯಾಡಿಸಲಿಲ್ಲ. ತಪ್ಪೆಂಬ ಮಾತು ನಮ್ಮ ಪ್ರಕಟಣೆಗಳಲ್ಲಿ ಬರುವುದಿಲ್ಲ ಎಂದು ಉತ್ತರ ಬಂತು. ಈ ಬೆಳಗಿನ ಪ್ರಕಟಣೆಯಲ್ಲಿರುವುದು 'ಲಾಟೀನಿನ ವರ್ತನೆಯಲ್ಲಿ ಸುಧಾರಣೆ' ಎಂಬ ಬೆನ್ನುಮೂಳೆಯಿಲ್ಲದ ವಾಕ್ಯ. ಯಾರು ಕೆಡಿಸಿದರು, ಯಾರಿಗೆ ನೋವಾಯಿತು ಎಂಬುದಕ್ಕೆ ಆ ವಾಕ್ಯದಲ್ಲಿ ಜಾಗವಿಲ್ಲ.

ಹೊತ್ತೇರುತ್ತಿದೆ. ತಕ್ಕಡಿ ಮೇಡಂ ಬದಲಾವಣೆಯನ್ನು ಹೊರಬಿಟ್ಟು, ಗವಸನ್ನು ಮಡಿಸಿ ಮೇಜಿನ ಖಾನೆಗೆ ಹಾಕುತ್ತಾರೆ. ಕೆಳಗೆ ಅಂಗಡಿಯವನು ಷಟರ್ ಎತ್ತುವ ಸದ್ದು. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಬಂದು ತಮ್ಮ ಮೇಜುಗಳ ಮುಂದೆ ಕೂರುತ್ತಾರೆ. ಏನಾಯಿತೆಂದು ಯಾರೂ ಕೇಳುವುದಿಲ್ಲ.

ಸಂಜೆ ಅಕ್ಕನ ಮನೆ. ಬಸ್ ನಿಲ್ದಾಣದ ಕಡೆಗೆ ಕಿಟಕಿಯಿರುವ ನೆಲಮಹಡಿಯ ಸಣ್ಣ ಕೋಣೆ. ತಂಗಿಯ ಒತ್ತಾಯಕ್ಕೆ ಅಕ್ಕ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಸರಿಪಡಿಸಿಕೊಂಡು, ಒಲ್ಲದ ಮನಸ್ಸಿನಿಂದ ದೀಪದಜ್ಜಿಯನ್ನು ಸೇತುವೆಯ ತನಕ ನಡೆಸುತ್ತಾರೆ. ಲಾಟೀನು ಇಡುತ್ತಾರೆ. ಅದು ಉರಿಯುತ್ತದೆ. ಆರಿಹೋಗಲೆಂದು ಕಾಯುವವರಂತೆ ಅವರು ಬೆರಳನ್ನು ಗುಂಡಿಯ ಮೇಲೆ ಹಿಡಿದೇ ಇದ್ದಾರೆ. ಆರುವುದಿಲ್ಲ. ಬೆಳಕಿನಲ್ಲಿ ನಿಂತ ಅಪರಿಚಿತನೊಬ್ಬನ ಗಾಯ ಮಾಯುತ್ತದೆ; ಅವನು ಓಡಿಹೋಗುತ್ತಾನೆ. ಅಕ್ಕ ಟ್ಯಾಬನ್ನು ಬಿಟ್ಟು ತಮ್ಮ ಬಲಗೈಯನ್ನು ಎತ್ತಿ, ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಳ್ಳುತ್ತಾರೆ.

"ಅಂದ್ರೆ ನೀನು ಆವತ್ತು ಹೇಳಿದ್ದು ನಿಜಾನೇ," ಎನ್ನುತ್ತಾರೆ.

ತಂಗಿ ತಲೆ ತಗ್ಗಿಸಿ ಹೂಂಗುಟ್ಟುತ್ತಾರೆ.

ಅಕ್ಕ ಸಂಗಾತಿಗಳ ಪುಟ ತೆರೆಯುತ್ತಾರೆ. ಮೂರು ಹೆಸರುಗಳೂ ಬೂದುಬಣ್ಣಕ್ಕೆ ತಿರುಗಿವೆ. ಅಕ್ಕ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅವರೂ ಬರುವುದನ್ನು ನಿಲ್ಲಿಸಿದ್ದರೆಂದು ದಿನಾಂಕಗಳು ಹೇಳುತ್ತವೆ. ಅವರು ಅಕ್ಕನನ್ನು ಹುಡುಕಿ ಸೋತು ಹೋದರೋ, ತಮ್ಮ ಕೈಯೇ ಸಾಲದೆಂದು ನಾಚಿ ಹೋದರೋ, ಕೇಳಲು ದಾರಿಯಿಲ್ಲ. ಯಾವ ಊರೆಂದು ತಿಳಿಯದು. ಸೋಡಾ ಅವರ ಅಂಗಡಿ ಯಾವ ರಸ್ತೆಯಲ್ಲಿದೆಯೆಂದು ತಿಳಿಯದು. ಒಂದು ಸಂಖ್ಯೆಯನ್ನು ತಿದ್ದಿದರೆ ಲಾಟೀನು ಮತ್ತೆ ಉರಿಯುತ್ತದೆ. ಅದರ ಸುತ್ತ ಕುಳಿತಿದ್ದವರನ್ನು ಕರೆತರುವ ಸಂಖ್ಯೆ ಯಾವ ಯಂತ್ರದಲ್ಲೂ ಇಲ್ಲ.

ಅಕ್ಕ ಇನ್ನೊಂದು ಆಟಕ್ಕೆ ಅಣಿಯಾಗುತ್ತಾರೆ, ಅಪರಿಚಿತರ ಜೊತೆಗೇ. ಬೇಡವಾದರೆ ಬಿಡಕ್ಕ ಎನ್ನುತ್ತಾರೆ ತಂಗಿ. "ಆಡ್ತೀನಿ ಬಿಡು. ಅವರಲ್ಲಿ ಯಾರಾದ್ರೂ ಬಂದ್ರೆ ನಾನಿಲ್ಲಿ ಇರಬೇಕಲ್ಲ," ಎನ್ನುತ್ತಾರೆ ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ.

ಇದನ್ನು ಬರೆಯಲು ಬಂದ ನಾವು ಹೊರಡುವಾಗ, ಬಾಗಿಲವರೆಗೆ ಬಂದ ತಕ್ಕಡಿ ಮೇಡಂಗೆ, ಈ ವೃತ್ತಿಯಿಂದ ನೀವು ಬಯಸುವುದೇನೆಂದು ಕೇಳಿದರೆ, ಅವರು ಬಡ್ತಿಯ ಮಾತನ್ನಾಗಲಿ ಪ್ರಶಸ್ತಿಯ ಮಾತನ್ನಾಗಲಿ ಎತ್ತುವುದಿಲ್ಲ.

"ಆ ಡ್ರೈವರಣ್ಣ ಒಂದೇ ಒಂದು ಸಲ ಬರ್ಲಿ. ಆಡೋದೇನೂ ಬೇಡ. ಅವರ ಕೈದೂ ತಪ್ಪಿರಲಿಲ್ಲ ಅಂತ ಅವರಿಗೆ ಗೊತ್ತಾದ್ರೆ ಸಾಕು."