ಹೊನ್ನಾವರದ ಅಂಕಿ

ನಮ್ಮ ಅಡುಗೆಮನೆಯಲ್ಲಿ ಒಂದೇ ಬಗೆಯವೆಂದು ಯಾರಾದರೂ ನಂಬಬಹುದಾದ ಎರಡು ಸ್ಟೀಲಿನ ಲೋಟಗಳಿವೆ; ಒಂದು ಮುಟ್ಟಳ್ಳಿಯ ನಮ್ಮ ಮನೆಯದು, ಇನ್ನೊಂದು ಹೆಂಡತಿ ಕುಮಟೆಯ ತವರಿನಿಂದ ತಂದದ್ದು. ತವರಿನದರಲ್ಲಿ ಒಂದು ಗುಟುಕು ಹೆಚ್ಚು ಹಿಡಿಯುತ್ತದೆ. ಪ್ಯಾರಿಸ್ಸಿನ ಮೀಟರೂ ಮುರ್ಡೇಶ್ವರದ ಮೀಟರೂ ಒಂದೇ ಎಂದು ಹೈಸ್ಕೂಲಿನಲ್ಲಿ ಬೋಧಿಸಿ ನಿವೃತ್ತನಾದ ನನ್ನಂಥ ವಿಜ್ಞಾನದ ಮೇಷ್ಟ್ರ ಮನೆಯಲ್ಲೇ ಪಾಯಸದ ಸಕ್ಕರೆ ಲೋಟಕ್ಕೊಂದು ತೆರನಾದರೆ ಅದು ಮರ್ಯಾದೆಯ ಪ್ರಶ್ನೆಯಲ್ಲವೇ, ನೀವೇ ಹೇಳಿ.

ಹೆಂಡತಿಯ ಮೂತ್ರಪಿಂಡಗಳು ಸೋಲತೊಡಗಿದಾಗ ನನ್ನ ಈ ಪ್ರಮಾಣಭಕ್ತಿಗೆ ಮೊದಲ ಪೆಟ್ಟು ಬಿತ್ತು. ಆ ಸೋಲನ್ನು ತೋರಿಸುವ ಕ್ರಿಯಾಟಿನಿನ್ ಎಂಬ ಅಂಕಿ ಏರಿದಷ್ಟೂ ಕೆಡುಕು. ಒಂದೇ ವಾರದಲ್ಲಿ ಭಟ್ಕಳದ ಪ್ರಯೋಗಾಲಯ ಒಂದು ಅಂಕಿ ಕೊಟ್ಟಿತು. ಕುಮಟೆಯದು ಅವಳ ತವರೂರೆಂಬ ದಾಕ್ಷಿಣ್ಯವೂ ಇಲ್ಲದೆ ಅದಕ್ಕಿಂತ ಹೆಚ್ಚಿನದನ್ನು ಕೊಟ್ಟಿತು. ಹೊನ್ನಾವರದ್ದು ಎಲ್ಲಕ್ಕಿಂತ ಕಡಿಮೆ. ನಾನು ಶಾಸ್ತ್ರೋಕ್ತವಾಗಿ ಸಿಡಿಮಿಡಿಗೊಂಡೆ. ಅವಳು ಮಾತ್ರ, "ಎಂತಕ್ಕೆ ಮೂರು ಕಡೆ ತಿರುಗೂದು? ಇನ್ನು ಹೊನ್ನಾವರಕ್ಕೇ ಹೋಗುವ" ಎಂದಳು. ತಿಂಗಳಿಗೊಮ್ಮೆ ಶರಾವತಿಯ ಸೇತುವೆ ದಾಟಿ, ರಕ್ತ ಕೊಟ್ಟು, ಕರುಣಾಳು ಅಂಕಿಯೊಂದನ್ನು ಪಡೆದು, ಹೋಟೆಲಿನಲ್ಲಿ ಶಿರಾ ಅವಲಕ್ಕಿ ತಿಂದು ಮರಳುವ ಆ ತೀರ್ಥಯಾತ್ರೆಯಲ್ಲಿ ನನ್ನ ವೈಜ್ಞಾನಿಕ ಮನೋಭಾವ ಯಾವ ನಿಲ್ದಾಣದಲ್ಲಿ ಇಳಿದುಹೋಯಿತೋ ತಿಳಿಯದು.

ಕಳೆದ ತಿಂಗಳು ಹೊನ್ನಾವರದ ಅಂಕಿ ದಿಢೀರನೆ ಮೇಲೇರಿತು. ಪ್ರಯೋಗಾಲಯದವರು ಸಮಾಧಾನದ ದನಿಯಲ್ಲಿ, "ಕಾಯಿಲೆ ಒಮ್ಮೆಲೇ ಏರಿದ್ದಲ್ಲ ಸರ್, ನಮ್ಮ ಹಳೆ ಪದ್ಧತಿ ಕಮ್ಮಿ ತೋರಿಸ್ತಿತ್ತು. ಈಗ ಲೋಕಕ್ಕೆಲ್ಲ ಒಂದೇ ಪ್ರಮಾಣ, ಎಲ್ಲಿ ಮಾಡಿಸಿದ್ರೂ ಎಂತ ಫರಕ್ ಬರೂದಿಲ್ಲ" ಎಂದರು. ನಂಬದೆ ಭಟ್ಕಳದಲ್ಲೂ ಕುಮಟೆಯಲ್ಲೂ ಮಾಡಿಸಿದೆ. ಮೂರೂ ಊರುಗಳು ಒಕ್ಕೊರಲಿನಿಂದ ಆ ಏರಿದ ಅಂಕಿಯನ್ನೇ ಹೇಳಿದವು. ಜೀವನವಿಡೀ ನಾನು ಹಂಬಲಿಸಿದ ಏಕರೂಪತೆ ಕೊನೆಗೂ ಕೈಗೂಡಿತ್ತು. ನನಗೆ ಅಳು ಬಂತು. ಸರಿಯಾದ ಅಂಕಿಯಿಂದಲೇ ಸರಿಯಾದ ಚಿಕಿತ್ಸೆ ಎಂಬುದು ನನಗೆ ಗೊತ್ತು. ಆದರೆ ಇನ್ನು ಬಸ್ಸು ಹತ್ತಿ ಹೋಗಲು ಯಾವ ಊರೂ ಉಳಿಯಲಿಲ್ಲವಲ್ಲ.

ಡಾಕ್ಟರು ಡಯಾಲಿಸಿಸ್ಸಿನ ಮಾತೆತ್ತಿ, ಕಾಲು ಬಾತಿರುವುದರಿಂದ ದಿನಕ್ಕೆ ನಾಲ್ಕೇ ಲೋಟ ನೀರು ಎಂದು ಕಟ್ಟುಮಾಡಿದ್ದಾರೆ. ಯಾವ ಲೋಟ ಎಂದು ಅವರು ಹೇಳಲಿಲ್ಲ. ನಾನೂ, ಈ ಜನ್ಮದಲ್ಲಿ ಮೊದಲ ಬಾರಿಗೆ, ಕೇಳಲಿಲ್ಲ. ನಿನ್ನೆ ಮಧ್ಯಾಹ್ನ ಸೆಕೆಗೆ ಬಾಯಾರಿ ಕುಳಿತಿದ್ದ ಅವಳ ಮುಂದೆ ನಮ್ಮ ಮನೆಯ ಲೋಟ ಹಿಡಿದೆ. ಅವಳು ಅದನ್ನು ನೋಡಿ ಮೆಲ್ಲಗೆ, "ಇದಲ್ಲ, ನನ್ನ ತವರಿಂದು ಕೊಡಿ" ಎಂದಳು. ಅಂಚಿನವರೆಗೆ ತುಂಬಿ ತಂದುಕೊಟ್ಟೆ. ಆ ಹೆಚ್ಚಿನ ಒಂದು ಗುಟುಕನ್ನು ಕೊನೆಗೆ ಉಳಿಸಿಕೊಂಡು, ಬಾಯೊಳಗೇ ಇಟ್ಟುಕೊಂಡು, ಬಹಳ ಹೊತ್ತು ನುಂಗದೆ ಕುಳಿತಿದ್ದಳು.