ಹೆಂಗಸು ಒಂದು

ಗಡಿಯಾರದ ಅಂಗಡಿಯ ಮೇಲಿನ ಮಹಡಿಯಲ್ಲಿ ಜಾದೂಗಾರರ ಸಂಘ ಶುರುವಾಗಿ ಅರವತ್ತೆಂಟು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಆ ಮೆಟ್ಟಿಲು ಹತ್ತಿದ ಹೆಂಗಸು ಒಬ್ಬಳೇ, ಅವಳೂ ಸದಸ್ಯೆಯಲ್ಲ. ಎಲ್ಲರೂ ಅವಳನ್ನು ಪೆಟ್ಟಿಗೆಯಕ್ಕ ಎನ್ನುತ್ತಿದ್ದರು. ಅವಳು ಅಲ್ಲಿಗೆ ಬರುತ್ತಿದ್ದದ್ದೇ ಪೆಟ್ಟಿಗೆಯೊಳಗೆ ಹೋಗಿ ಮಾಯವಾಗುವುದಕ್ಕೆ. ಮಾಯವಾದ ಮೇಲೆ ಚಪ್ಪಾಳೆಯೆಲ್ಲ ಗಂಡನಿಗೆ. ಕಣ್ಣಿಗೆ ಕಾಣದವಳಿಗೆ ಯಾರು ತಾನೇ ಚಪ್ಪಾಳೆ ತಟ್ಟುತ್ತಾರೆ?

ಸಂಘವೆಂದರೆ ದೊಡ್ಡ ಅರಮನೆಯೇನಲ್ಲ. ಹದಿನೆಂಟು ಕುರ್ಚಿ, ಕುಂಟುವ ಒಂದು ಮೇಜು, ಗೋಡೆಯ ಮೇಲೆ ಸದಸ್ಯರ ಹೆಸರು ಬರೆದ ಕಪ್ಪು ಹಲಗೆ. ತಿಂಗಳ ಮೊದಲ ಗುರುವಾರ ಸಂಜೆ ಅಂಚೆ ಕಚೇರಿಯವರು, ದರ್ಜಿಗಳು, ಮೇಷ್ಟರುಗಳು ತಮ್ಮ ತಮ್ಮ ಕೆಲಸ ಮುಗಿಸಿ ಬಂದು ಜಾದೂಗಾರರಾಗುತ್ತಿದ್ದರು. ಒಬ್ಬೊಬ್ಬನಿಗೂ ಒಂದು ‘ಸ್ವಂತ ವಿದ್ಯೆ’. ಪುಸ್ತಕದಲ್ಲಿ ಅವನ ಹೆಸರಿಗೆ ಬರೆದ ಆ ವಿದ್ಯೆಯನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಆದರೆ ವರ್ಷಕ್ಕೊಮ್ಮೆ, ಸಂಘ ಹುಟ್ಟಿದ ದಿನ, ಅವನು ಅದನ್ನು ಮಾಡಿ ತೋರಿಸಲೇಬೇಕು. ಸತತ ಮೂರು ವರ್ಷ ತಪ್ಪಿದರೆ ಸಲಕರಣೆ, ಗುಟ್ಟು ಎಲ್ಲವನ್ನೂ ಸಂಘಕ್ಕೆ ಒಪ್ಪಿಸಬೇಕು. ಸಂಘ ಅದನ್ನು ಬೇರೆಯವರಿಗೆ ಕೊಡುತ್ತದೆ. ಗುಟ್ಟು ಒಪ್ಪಿಸದಿದ್ದರೆ ಹಲಗೆಯ ಮೇಲಿನ ಹೆಸರಿಗೆ ಮಸಿ. ಹೊರಗಿನವರಿಗೆ, ಕಟ್ಟಿಕೊಂಡ ಹೆಂಡತಿಯೇ ಆಗಲಿ, ಗುಟ್ಟು ಹೇಳಿದರೂ ಮಸಿ. ಆಗಲೇ ಎರಡು ಹೆಸರು ಹಾಗೆ ಕಪ್ಪಾಗಿದ್ದವು. ಅವರಲ್ಲಿ ಒಬ್ಬ ಕುಡಿದ ಮತ್ತಿನಲ್ಲಿ ಭಾವಮೈದುನನ ಹತ್ತಿರ ಬಾಯಿ ಬಿಟ್ಟಿದ್ದ.

ಪೆಟ್ಟಿಗೆಯಕ್ಕನ ಗಂಡ ಬಡಗಿ. ಮರ ಅವನ ಮಾತು ಕೇಳುತ್ತಿತ್ತು, ಇಸ್ಪೀಟು ಎಲೆ ಕೇಳುತ್ತಿರಲಿಲ್ಲ. ಸಂಘಕ್ಕೆ ಸೇರಿ ವರ್ಷವಾಗುತ್ತ ಬಂದರೂ ಸ್ವಂತ ವಿದ್ಯೆ ಅಂತ ಒಂದೂ ಹುಟ್ಟದೆ ಮುಖ ಸಣ್ಣದು ಮಾಡಿಕೊಂಡು ಕೂತಿರುತ್ತಿದ್ದ. ಅವಳು ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಮಡಿಸುವ ಕೆಲಸದವಳು. ಎಂಥ ದೊಡ್ಡ ಹೊದಿಕೆಯನ್ನೂ ಅಂಗೈಯಗಲ ಮಾಡಬಲ್ಲವಳು. ಒಂದು ಭಾನುವಾರ ಮನೆಯ ದಪ್ಪ ರಜಾಯಿಯನ್ನು ಕಪಾಟಿನ ತಳದ ಗೂಡಿಗೆ ತುರುಕುತ್ತಿದ್ದಾಗ, "ರೀ, ಇದೇ ಹಿಡಿಯತ್ತೆ ಅಂದ್ರೆ ನಾನು ಹಿಡಿಯಲ್ವಾ?" ಎಂದಳು. ರಜಾಯಿ ಹೊರಗೆಳೆದು ತಾನೇ ಒಳಗೆ ಹೋದಳು. ಮೊಣಕಾಲು ಕಿವಿಯ ಹತ್ತಿರ, ಗಲ್ಲ ಎದೆಗೆ, ಮೇಲೆ ಒಂದು ಕರಿ ಬಟ್ಟೆ. ಗಂಡ ಕಪಾಟಿನ ಬಾಗಿಲು ಹಾಕಿ ತೆಗೆದ. ಹೆಂಡತಿ ಅಲ್ಲೇ ಇದ್ದರೂ ಅವನಿಗೇ ಕಾಣಲಿಲ್ಲ.

ಆ ಅಳತೆಯಲ್ಲಿ ಅವನು ಪೆಟ್ಟಿಗೆ ಮಾಡಿದ. ಸ್ಪ್ರಿಂಗಿಲ್ಲ, ಕನ್ನಡಿಯಿಲ್ಲ, ಕಳ್ಳ ಬಾಗಿಲಿಲ್ಲ. ತಳದಲ್ಲಿ ಒಂದೂವರೆ ಗೇಣಿನ ಗೂಡು ಎಲ್ಲರ ಕಣ್ಣಿಗೂ ಕಾಣುವಂತೆಯೇ ಇತ್ತು. ಅಷ್ಟು ಚಿಕ್ಕ ಜಾಗದಲ್ಲಿ ಮನುಷ್ಯರು ಹಿಡಿಸುತ್ತಾರೆಂದು ಯಾರೂ ನಂಬುತ್ತಿರಲಿಲ್ಲ, ಅಷ್ಟೇ. ಬಾಗಿಲು ತೆರೆದಾಗ ಪೆಟ್ಟಿಗೆ ಖಾಲಿ. ಮತ್ತೆ ಮುಚ್ಚಿ ಅವನು ಎರಡು ಸಲ ತಟ್ಟಿದರೆ, ಸಾಕು, ಹೊರಗೆ ಬಾ ಎಂದರ್ಥ. ಮೂವತ್ತೊಂದು ವರ್ಷ ಅವಳು ಆ ಎರಡು ತಟ್ಟಿಗೆ ಕಾದಳು.

ಆಮೇಲೆ ಗಂಡನಿಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಬಲಗೈ ಬಲಗಾಲು ಹೋದವು. ಉಳಿದದ್ದು ಒಂದೇ ಚಿಂತೆ. ಅವಳು ಹೊರಗಿನಿಂದ ಬಂದಾಗಲೆಲ್ಲ ಎಡಗೈ ಬೆರಳಿನಿಂದ ಗಾಳಿಯಲ್ಲಿ ತನ್ನ ಹೆಸರು ಬರೆಯುತ್ತಿದ್ದ. ಹಲಗೆಯ ಮೇಲೆ ಇದೆಯಾ ಎಂದು ಕೇಳುವ ರೀತಿ ಅದು. "ಇದೆ ರೀ," ಎಂದರೆ ಅರ್ಧ ಮುಖದಲ್ಲಿ ನಗು. ಅನ್ನ ಬೇಡವೆಂದರೂ ಆ ಉತ್ತರ ಬೇಕು.

ಮೂರನೆಯ ವರ್ಷವೂ ಆಟ ತಪ್ಪಿತು. ಸಂಘದವರು ಬಂದು ಪೆಟ್ಟಿಗೆ ಹೊತ್ತುಕೊಂಡು ಹೋದರು. ಅದನ್ನು ಸದಸ್ಯರಲ್ಲೊಬ್ಬರಾದ ಹಲ್ಲಿನ ಡಾಕ್ಟರಿಗೆ ಕೊಡುವುದೆಂದು ತೀರ್ಮಾನವಾಗಿತ್ತು. ಗುಟ್ಟು ಒಪ್ಪಿಸುವ ದಿನ ಗಂಡನ ಬದಲು ಅವಳು ಹೋಗಿ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಳು.

ಡಾಕ್ಟರು ಟಾರ್ಚು ಹಿಡಿದು, ರೋಗಿಯ ಬಾಯಿ ನೋಡುವ ಹಾಗೆ ಪೆಟ್ಟಿಗೆಯೊಳಗೆ ಇಣುಕಿದರು. ಎಲ್ಲ ಕಡೆ ಬಡಿದರು. "ಇದ್ರಲ್ಲಿ ಏನೂ ಇಲ್ಲ ಕಣ್ರೀ. ಬರೀ ಹಲಗೆ."

"ಹಾಗಾದ್ರೆ ಅಸಲಿ ಪೆಟ್ಟಿಗೆ ಮನೇಲೇ ಇಟ್ಕೊಂಡಿದಾನೆ," ಎಂದರು ಅಧ್ಯಕ್ಷರಾದ ಪೋಸ್ಟ್‌ಮಾಸ್ಟರು. "ಗುಟ್ಟು ಒಪ್ಪಿಸ್ಲಿಲ್ಲ ಅಂದ್ರೆ ಮಸಿ ಬಳೀಬೇಕಾಗತ್ತೆ. ಬೇಜಾರು ಮಾಡ್ಕೋಬೇಡಮ್ಮ, ನಿಯಮ ನಿಯಮಾನೇ."

ಅವಳು ಎದ್ದಳು. "ಪೆಟ್ಟಿಗೆ ಇದೇ ಸ್ವಾಮಿ, ಬೇರೆ ಇಲ್ಲ. ಆ ಕೆಳಗಿನ ಗೂಡಿದೆಯಲ್ಲ..."

"ಅತ್ತಿಗೆ, ಹೇಳ್ಬೇಡಿ!" ಕಾರ್ಯದರ್ಶಿ, ಅಂದರೆ ಕೆಳಗಿನ ಗಡಿಯಾರದ ಅಂಗಡಿಯವರು, ಗಾಬರಿಯಿಂದ ಕೈ ಅಡ್ಡ ಹಿಡಿದರು. ಒಳ್ಳೆಯ ಮನುಷ್ಯ. "ನಿಮ್ಮ ಬಾಯಿಂದ ಬಂದ್ರೆ ಅವರು ನಿಮಗೆ ಹೇಳಿಕೊಟ್ಟಿದಾರೆ ಅಂತಾಗತ್ತೆ. ಅದಕ್ಕೂ ಮಸಿನೇ."

"ಅವರೆಲ್ಲಿ ಹೇಳಿಕೊಟ್ರು? ನಾನೇ ಅವರಿಗೆ ಹೇಳಿಕೊಟ್ಟಿದ್ದು."

ಕೂತಿದ್ದವರೆಲ್ಲ ನಕ್ಕರು. ಪೋಸ್ಟ್‌ಮಾಸ್ಟರು ಮಾತ್ರ ನಗಲಿಲ್ಲ. "ಅದು ನಿಜ ಆದ್ರೆ ಇನ್ನೂ ಕಷ್ಟ. ಹೆಂಡತಿ ವಿದ್ಯೆನ ಸ್ವಂತದ್ದು ಅಂತ ಬರೆಸಿದ ಹಾಗಾಯ್ತು."

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಪಾಡು ಅವಳದು, ಉಗುಳುವಂತಿಲ್ಲ, ನುಂಗುವಂತಿಲ್ಲ. ಹೇಳಿದರೆ ಮಸಿ, ಹೇಳದಿದ್ದರೆ ಮಸಿ, ನಿಜ ಹೇಳಿದರೆ ಇನ್ನಷ್ಟು ಮಸಿ. ಗಾಳಿಯಲ್ಲಿ ಹೆಸರು ಬರೆಯುವ ಬೆರಳು ಕಣ್ಣ ಮುಂದೆ ಬಂತು. "ತಮಾಷೆಗೆ ಅಂದೆ," ಎಂದು ಕೂತುಬಿಟ್ಟಳು.

ಕಾರ್ಯದರ್ಶಿ ಬಿಡಲಿಲ್ಲ. ಸಲಕರಣೆಗಳ ಹಳೆಯ ಪುಸ್ತಕ ತೆಗೆದು ಹುಡುಕಿ ಹುಡುಕಿ ಒಂದು ಪುಟದ ಮೇಲೆ ಬೆರಳಿಟ್ಟರು. "ನೋಡಿ, ಸಿಕ್ತು! ‘ಪೆಟ್ಟಿಗೆ ಒಂದು. ಚಕ್ರ ನಾಲ್ಕು. ಕರಿ ಬಟ್ಟೆ ಎರಡು ಗಜ. ಹೆಂಗಸು ಒಂದು.’ ಅತ್ತಿಗೆ ಹೊರಗಿನವರಲ್ಲ ಸ್ವಾಮಿ, ಸಲಕರಣೆ. ಸಲಕರಣೆಗೆ ಯಾರೂ ಗುಟ್ಟು ಹೇಳೋದಿಲ್ಲ, ಗುಟ್ಟು ಅದರೊಳಗೇ ಇರತ್ತೆ. ಪೂರ್ತಿ ಸಲಕರಣೆ ಒಪ್ಪಿಸಿದ್ರೆ ಗುಟ್ಟೂ ಒಪ್ಪಿಸಿದ ಹಾಗೇ."

ಅವಳು ಬಗ್ಗಿ ನೋಡಿದಳು. ಅಕ್ಷರ ಗಂಡನದೇ. ಬಡಗಿಯ ಅಕ್ಷರ, ಉಳಿಯಿಂದ ಕೆತ್ತಿದ ಹಾಗೆ. ಮೂವತ್ತನಾಲ್ಕು ವರ್ಷದ ಹಿಂದೆ ಅವನು ಇಷ್ಟೊಂದು ಸರಾಗವಾಗಿ ಹಾಗೆ ಬರೆದಿದ್ದ, ಮನೆಗೆ ಬಂದು ಒಂದು ಮಾತೂ ಹೇಳಿರಲಿಲ್ಲ. ಈಗಲೇ ಹೋಗಿ ಕೇಳಿಬಿಡಬೇಕು ಎನಿಸಿತು ಅವಳಿಗೆ. ಆದರೆ ಮಾತು ಹೋದವನ ಜೊತೆ ಜಗಳವಾಡುವುದು ಹೇಗೆ?

ಪೋಸ್ಟ್‌ಮಾಸ್ಟರು ಒಂದು ಕಾಗದ ಬರೆಸಿದರು: ‘ನಾನು ಈ ವಿದ್ಯೆಯ ಸಲಕರಣೆ ಮಾತ್ರ. ಇದರ ಬಗ್ಗೆ ನನಗೆ ಏನೂ ತಿಳಿದಿಲ್ಲ.’ ಅವಳು ಸಹಿ ಹಾಕಿದಳು. ಹೆಸರು ಉಳಿಯಿತು. ಅವಳ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಹಾಗಾದ್ರೆ ಒಂದ್ಸಲ ನೋಡೇಬಿಡೋಣ," ಎಂದರು ಡಾಕ್ಟರು.

ಅವಳಿಗೀಗ ಅರವತ್ತೊಂದು. ಮಡಚಿಕೊಳ್ಳದೆ ಮೂರು ವರ್ಷವಾಗಿತ್ತು. ಗಂಡನನ್ನು ಎತ್ತಿ ಇಳಿಸಿ ಸೊಂಟ ಬಿದ್ದುಹೋಗಿತ್ತು. ಗೂಡಿನೊಳಗೆ ಬೆನ್ನು ಹೋಯಿತು, ಭುಜ ಹೋಯಿತು, ಮೊಣಕಾಲು ಬಗ್ಗಲಿಲ್ಲ. ಉಸಿರು ಬಿಗಿಹಿಡಿದು ಎಳೆದುಕೊಂಡಳು. ಒಳಗೇನೋ ಲಟಕ್ಕೆಂದಿತು. ಬಾಗಿಲು ಮುಚ್ಚಲು ಇನ್ನೂ ನಾಲ್ಕು ಬೆರಳು ಉಳಿದಿತ್ತು. ಡಾಕ್ಟರು ಬಾಗಿಲು ಒತ್ತುತ್ತ, ಅಭ್ಯಾಸಬಲದಿಂದ, "ನೋವಾದ್ರೆ ಕೈ ಎತ್ತಿ," ಎಂದರು. ಕೈ ಎತ್ತುವುದಕ್ಕೆ ಅಲ್ಲಿ ಜಾಗವಿರಲಿಲ್ಲ.

ಇಬ್ಬರು ಹಿಡಿದು ಹೊರಗೆಳೆದರು. ನೆಲದ ಮೇಲೆ ಕೂತೇ ಅವಳು ಕೈಮುಗಿದಳು. "ನಮ್ಮ ನಾದಿನಿ ಮಗಳು ತೆಳ್ಳಗಿದಾಳೆ. ನಾನು ಕಲಿಸಿಕೊಡ್ತೀನಿ. ವಿದ್ಯೆ ಹಾಳಾಗೋದು ಬೇಡ."

ಪೋಸ್ಟ್‌ಮಾಸ್ಟರು ಕಾಗದ ಎತ್ತಿ ತೋರಿಸಿದರು. "ಏನೂ ತಿಳಿದಿಲ್ಲ ಅಂತ ಈಗ ತಾನೇ ಸಹಿ ಹಾಕಿದೀಯಲ್ಲಮ್ಮ. ಏನ್ ಕಲಿಸ್ತೀಯ?"

ಅವಳ ಹತ್ತಿರ ಇದ್ದ ಉತ್ತರಕ್ಕೆಲ್ಲ ಕೊನೆಯಲ್ಲಿ ಮಸಿಯೇ ಇತ್ತು. ಕಾರ್ಯದರ್ಶಿ ತಲೆ ತಗ್ಗಿಸಿಕೊಂಡು ಪುಸ್ತಕದಲ್ಲಿ ಏನೋ ಬರೆದರು. ಅವಳು ಗೋಡೆ ಹಿಡಿದು ಎದ್ದು ನೋಡಿದಳು. ಪೆಟ್ಟಿಗೆ, ಚಕ್ರ, ಕರಿ ಬಟ್ಟೆಗಳ ಮುಂದೆ ‘ಬಳಕೆಗೆ ಯೋಗ್ಯ’ ಎಂದಿತ್ತು. ಕೊನೆಯ ಸಾಲಿಗೆ ಅಡ್ಡಗೀಟು ಹೊಡೆದಿತ್ತು. ಅರವತ್ತೆಂಟು ವರ್ಷದ ಸಂಘದಲ್ಲಿ ಅವಳಿಗೆ ಅಂತ ಇದ್ದದ್ದು ಆ ಒಂದು ಸಾಲು.

ಕುಂಟುತ್ತ ಮನೆಗೆ ಬಂದಳು. ಗಂಡ ಬಾಗಿಲ ಕಡೆಗೇ ಕಣ್ಣು ನೆಟ್ಟಿದ್ದ. ಎಡಗೈ ಎತ್ತಿ ಗಾಳಿಯಲ್ಲಿ ಹೆಸರು ಬರೆದ.

"ಇದೆ ರೀ. ಹಾಗೇ ಇದೆ. ಇನ್ಮೇಲೆ ಯಾರೂ ಅಳಿಸಲ್ಲ."

ಅರ್ಧ ಮುಖದಲ್ಲಿ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತೆಲ್ಲ ಬಿಟ್ಟು ಅವಳು ಸೆರಗಿನಿಂದ ಅವನ ಕಣ್ಣೊರೆಸಿದಳು. ಅವನು ಅವಳನ್ನೇ ನೋಡುತ್ತ ಎಡಗೈಯಿಂದ ಮಂಚದ ಹಲಗೆಯನ್ನು ಎರಡು ಸಲ ತಟ್ಟಿದ.

"ಇಲ್ಲೇ ಇದೀನಲ್ರೀ," ಎಂದಳು.

ಅವನು ಮತ್ತೆ ಎರಡು ಸಲ ತಟ್ಟಿದ. ಅವಳು ಅಲ್ಲೇ ನಿಂತಿದ್ದಳು, ಎಲ್ಲಿಂದ ಹೊರಗೆ ಬರಬೇಕೆಂದು ಅವಳಿಗೆ ತಿಳಿಯಲಿಲ್ಲ.